ಉಚ್ಚೀರಪ್ಪನ ಇಬ್ಬರು ಹೆಂಡಿರು

ಉಚ್ಚೀರಪ್ಪನಿಗೆ ಇಬ್ಬರು ಹೆಂಡಿರು ಎಂಬ ಸಂಗತಿ ಅವನ ಹೆಂಡತಿಗೆ ಗೊತ್ತಾದದ್ದು ದಸರಾ ಕಳೆದ ಎಂಟನೆಯ ದಿನ, ಹೊಳಗುಂದದ ಹೊಲದಲ್ಲಿ, ಮಡಿಲ ತುಂಬ ಹಸಿ ಶೇಂಗಾ ಇದ್ದ ಹೊತ್ತಿನಲ್ಲಿ.

ಟಪಾಲಿನವನು ಬದುವಿನ ಮೇಲೆ ನಿಂತು ಕೂಗಿದ. ಗುರುಶಾಂತಮ್ಮ ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದಳು. ಆಫ್ರಿಕದ ಜಿಂಜಾ ಎಂಬ ಊರಿನಿಂದ ಬರುವ ಕಾಗದ ಅದು. ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅವಳ ಗಂಡ ಫಿಟ್ಟರ್. ಆದೋನಿಯ ಗಿರಣಿ ಬಾಗಿಲು ಹಾಕಿದಾಗ ಮುಂಬೈ ಕಡೆಯ ಸಾಹುಕಾರರೊಬ್ಬರು ಕೆಲಸ ಬಲ್ಲ ನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದರು, ಅವರಲ್ಲಿ ಇವನೂ ಒಬ್ಬ. ಹೋಗಿ ಐದು ವರ್ಷವಾಗಿತ್ತು. ಹೋಗುವಾಗ ಶಾಂತಮ್ಮನಿಗೆ ಆರು ತಿಂಗಳು.

ಅವನ ಪ್ರತಿ ಕಾಗದದಲ್ಲೂ ಒಂದು ಚಿಟಿಕೆ ಅರಳೆ ಇರುತ್ತಿತ್ತು, ಆ ದೇಶದ ಬಿಳಿ ಹತ್ತಿ. ಅದನ್ನು ಬತ್ತಿ ಹೊಸೆದು ದೇವರ ಮುಂದೆ ಹಚ್ಚುವುದು ಅವಳ ರೂಢಿ. ಈ ಸಲವೂ ಅರಳೆಯನ್ನು ಮೊದಲು ಕೆನ್ನೆಗೆ ಒತ್ತಿಕೊಂಡಳು, ಸುತ್ತ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ. ಮಠದ ಶಾಲೆಯಲ್ಲಿ ಮೂರನೇ ಇಯತ್ತೆ ಓದಿದವಳು, ಗಂಡನ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಹಂಗು ಅವಳಿಗಿರಲಿಲ್ಲ.

ಮೊದಲ ಸಾಲು ಯಾವಾಗಿನಂತೆ ಕ್ಷೇಮ ಸಮಾಚಾರ. ಎರಡನೆಯದು ಹೀಗಿತ್ತು: "ನನಗ ಇಬ್ಬರು ಹೆಂಡಿರು ಇರೋದು ಇಲ್ಲಿ ಸರಕಾರಕ್ಕ ಗೊತ್ತಾಗೇತಿ. ಒಬ್ಬಾಕಿನ್ನ ಮಾತ್ರ ಕರೆಸಿಕೋ, ಯಾರನ್ನ ಅಂತ ತಿಳಿಸು ಅಂದಾರ."

ಅಷ್ಟಕ್ಕೇ ಶಾಂತಮ್ಮ ಕಾಗದ ಮಡಚಿಬಿಟ್ಟಳು. ಮತ್ತೆ ಸಾಲಿಗೆ ಬಂದು ಕೂತು ಶೇಂಗಾ ಬಿಡಿಸತೊಡಗಿದಳು. ಅವಳ ಕೈಗೆ ಸಿಕ್ಕ ಗಿಡಗಳ ಪಾಡು ಕೇಳಬಾರದು. ಕಾಯಿಯ ಜೊತೆ ಬೇರು, ಬೇರಿನ ಜೊತೆ ಎಲೆ, ಎಲ್ಲ ಬುಟ್ಟಿಗೆ. ಐದು ವರ್ಷ ನಾನಿಲ್ಲಿ ಬತ್ತಿ ಹೊಸೆದೆ, ಅವರು ಅಲ್ಲಿ ಸಂಸಾರ ಹೂಡಿದರು ಎಂದು ಒಳಗೇ ಬಯ್ದುಕೊಂಡಳು. ಅಳು ಬಂತು, ಆದರೆ ಹೊಲದಲ್ಲಿ ಆರು ಜನ ಹೆಂಗಸರಿದ್ದುದರಿಂದ ಅಳಲಿಲ್ಲ. ಎರಡು ಸಾಲು ಮುಗಿದ ಮೇಲೆ, ಆ ಬಿನ್ನಾಣಗಿತ್ತಿಯ ಹೆಸರನ್ನಾದರೂ ತಿಳಿಯೋಣವೆಂದು ಕಾಗದ ಬಿಚ್ಚಿದಳು.

"ಊರ ಪುಸ್ತಕದ ಪ್ರಕಾರ ನನ್ನ ಇನ್ನೊಬ್ಬ ಹೆಂಡತಿ ಹೆಸರು ದಸ್ತಗಿರಮ್ಮ."

ಶಾಂತಮ್ಮ ನಕ್ಕದ್ದು ಆಚೆ ಹೊಲದವರಿಗೂ ಕೇಳಿಸಿತು. ದಸ್ತಗಿರಮ್ಮ ಅವರ ಎದುರು ಮನೆಯ ಕುರುಬರ ಮುದುಕಿ. ಅರವತ್ತು ದಾಟಿದವಳು, ಬಾಯಲ್ಲಿ ನಾಲ್ಕೇ ಹಲ್ಲು, ಕುರಿಗಳನ್ನು ಬಯ್ಯುವುದಕ್ಕೆ ನಿಂತರೆ ಊರೇ ದಾರಿ ಬಿಡುತ್ತಿತ್ತು.

ಆಗಿದ್ದು ಇಷ್ಟು. ಶಾಂತಮ್ಮನ ಮೊದಲಿನ ಎರಡು ಕೂಸುಗಳು ತೊಟ್ಟಿಲು ಕಾಣದೆ ಹೋಗಿದ್ದವು. ಮೂರನೆಯದು ಎಳ್ಳಮಾಸೆಯ ಬೆಳಿಗ್ಗೆ ಹುಟ್ಟಿದಾಗ ಅವಳ ಅತ್ತೆ ಎರ್ರಮ್ಮ, ಆ ಕಡೆಯ ಎಲ್ಲರೂ ಮಾಡುವಂತೆ, ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಟ್ಟು ಬಂದಳು. ದಸ್ತಗಿರಮ್ಮ ದಾರಿಹೋಕಳ ಹಾಗೆ ಬಂದು, ಯಾರದಿದು ಎಂದು ಕೇಳಿ, ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಳು. ಇದು ಆ ಮನೆಯ ಕೂಸಲ್ಲ, ಆ ತಾಯಿಯದಲ್ಲ ಎಂದಾದರೆ ಸಾವು ಬಾಗಿಲಿಗೆ ಬಂದರೂ ವಿಳಾಸ ತಪ್ಪಿ ತಿರುಗಿ ಹೋಗುತ್ತದೆ ಎಂಬ ನಂಬಿಕೆ. ಕೂಸಿಗೆ ತಿಪ್ಪವ್ವ ಎಂದೇ ಹೆಸರಿಟ್ಟರು. ಮಲಗುವುದು, ಹಾಲು ಕುಡಿಯುವುದು ಶಾಂತಮ್ಮನ ಹತ್ತಿರ. ಅವ್ವ ಎನ್ನುವುದು ಮಾತ್ರ ದಸ್ತಗಿರಮ್ಮನಿಗೆ. ಹೆತ್ತವಳನ್ನು ಅದು "ಶಾಂತಕ್ಕ" ಎಂದು ಕರೆಯುತ್ತಿತ್ತು.

ಹುಟ್ಟಿದ ಐದನೇ ದಿನ ಊರ ಹುಟ್ಟುಸಾವಿನ ಲೆಕ್ಕದ ಪುಸ್ತಕ ಹಿಡಿದು ಕರಣಂ ಬಂದಿದ್ದರು. ತಂದೆ ಯಾರು ಎಂದರೆ ಉಚ್ಚೀರಪ್ಪ ಎಂದರು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ತಾಯಿ ಯಾರು ಎಂದರೆ ಎರ್ರಮ್ಮ ದಸ್ತಗಿರಮ್ಮ ಎಂದಳು. ತಳವಾರ ಮಾರೆಪ್ಪ ಹೌದೆಂದ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಾಗ ಶಾಂತಮ್ಮನೂ ಒಳಗಿನಿಂದ ಹಾಗೇ ಹೇಳಿದಳು. ಸಾವಿಗೆ ಒಂದು, ಸರಕಾರಕ್ಕೆ ಒಂದು ಹೇಳಿದರೆ ಆದೀತೇ? ಕರಣಂ ಬರೆದುಕೊಂಡು ಹೋದರು. ಐದು ವರ್ಷದ ಮೇಲೆ ಆ ಪುಸ್ತಕದ ನಕಲು ಸಮುದ್ರ ದಾಟಿ, ಉಚ್ಚೀರಪ್ಪನಿಗೆ ಒಬ್ಬ ಹೆಂಡತಿಯನ್ನು ಹೆಚ್ಚಿಗೆ ಕೊಟ್ಟಿತ್ತು.

ಕಾಗದದ ಉಳಿದ ಭಾಗ ನಗುವಂಥದ್ದಾಗಿರಲಿಲ್ಲ. ಅವನು ಮೂರು ದಾರಿ ಬರೆದಿದ್ದ. ಒಂದು, ಹಕ್ಕಿನ ದಾರಿ. ಐದು ವರ್ಷ ನೆಲೆ ನಿಂತವನು ಒಬ್ಬ ಹೆಂಡತಿಯನ್ನೂ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳನ್ನೂ ಕರೆಸಿಕೊಳ್ಳಬಹುದು, ಬಂದವರು ಅಲ್ಲೇ ಇರಬಹುದು. ಆದರೆ ಪುಸ್ತಕದ ಪ್ರಕಾರ ಶಾಂತಮ್ಮನಿಗೆ ಮಕ್ಕಳಿಲ್ಲ, ಅವಳೊಬ್ಬಳೇ ಹೋಗಬೇಕು. ಎರಡು, ಠೇವಣಿ ದಾರಿ. ತಾಯಿ ಮಗು ಇಬ್ಬರೂ ಠೇವಣಿ ಹಣ ಕಟ್ಟಿ ನೋಡಿಹೋಗುವವರ ಹಾಗೆ ಹೋಗಬಹುದು, ಆರು ತಿಂಗಳು ತುಂಬಿದ ಕೂಡಲೇ ತಿರುಗಿ ಹಡಗು ಹತ್ತಬೇಕು. ಮೂರು, ಅವನೇ ಅಲ್ಲಿಯ ನೆಲೆಯನ್ನು ಬಿಟ್ಟುಕೊಟ್ಟು ಊರಿಗೆ ಬಂದುಬಿಡುವುದು. ಊರಲ್ಲಿ ಗಿರಣಿ ಇನ್ನೂ ಮುಚ್ಚಿಯೇ ಇತ್ತು. ಯಾವುದಾದರೂ ಸರಿ, ಯುಗಾದಿಯ ಒಳಗೆ ಜವಾಬು ಹೋಗದಿದ್ದರೆ ಅರ್ಜಿ ರದ್ದು.

ಕೊನೆಗೆ ಅವನು ಬರೆದಿದ್ದ: "ಇಲ್ಲಿ ಬೀಸುಕಲ್ಲು ಸಿಗೂದಿಲ್ಲ. ಹುಡುಕಿ ಹುಡುಕಿ ಒಂದು ಮಾಡಿಸಿಟ್ಟೀನಿ. ಬೀಸೋ ಕೈ ಇಲ್ಲದ ಸುಮ್ಮನೆ ಕುಂತೈತಿ. ನಾನೂ ಹಂಗ. ನೀ ಯಾವ ದಾರಿ ಅಂತೀಯೋ ಅದಕ್ಕ ಸಹಿ ಮಾಡ್ತೀನಿ."

ಈ ಮಾತನ್ನು ಅವಳು ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಸಲ ಓದಿದಳು. ದಾರಿ ಎಷ್ಟಿದ್ದರೇನು, ಅವಳಿಗೆ ಬೇಕಾದದ್ದು ಒಂದೇ. ಒಂದು ಸೂರು, ಅದರ ಕೆಳಗೆ ಮೂರು ಜನ, ಯಾರೂ ಯಾರಿಗೂ ಹೊರಡು ಎನ್ನದ ಬದುಕು.

ಮನೆಯಲ್ಲಿ ಮೊದಲು ನಗುವಿನ ಜಾತ್ರೆಯೇ ಆಯಿತು. ದಸ್ತಗಿರಮ್ಮ ಸುದ್ದಿ ಕೇಳಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ನಾಚಿದಳು.

"ಇಷ್ಟು ವರ್ಷದ ಮ್ಯಾಲ ನನಗೊಬ್ಬ ಗಂಡ ಸಿಕ್ಕಾನ. ನನ್ನನ್ನೇ ಕಳಿಸ್ರಿ. ಕುರಿ ನೀವು ಕಾಯ್ರಿ."

ಎರ್ರಮ್ಮ ಸವತಿಯನ್ನು ಹೇಗೆ ಮಾತಾಡಿಸಬೇಕೆಂದು ಸೊಸೆಗೆ ಕಲಿಸಿಕೊಟ್ಟಳು. ತಿಪ್ಪವ್ವ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ನಕ್ಕಿತು. ನಗು ನಿಂತ ಮೇಲೆ ಮಾತು ಗಟ್ಟಿಯಾಯಿತು. ಎರ್ರಮ್ಮನ ಪ್ರಕಾರ ಸೊಸೆ ಮೊದಲು ಒಬ್ಬಳೇ ಹೋಗುವುದು ಲೇಸು, ಐದು ವರ್ಷ ಗಂಡನನ್ನು ಬಿಟ್ಟಿದ್ದದ್ದು ಸಾಕು, ಕೂಸನ್ನು ತಾವಿಬ್ಬರು ಮುದುಕಿಯರು ನೋಡಿಕೊಳ್ಳುತ್ತೇವೆ. ಒಬ್ಬಳೇ ಹೋಗುವ ಆಸೆ ಶಾಂತಮ್ಮನಿಗೆ ಇರಲಿಲ್ಲ ಎಂದರೆ ಸುಳ್ಳು. ಹುಬ್ಬಿಗೆ ಅರಳೆ ಅಂಟಿಸಿಕೊಂಡು ಗಿರಣಿಯಿಂದ ಬರುತ್ತಿದ್ದ ಆ ಮುಖವನ್ನು ಕಾಣಲು ಅವಳು ಈಜಿಯಾದರೂ ಹೋಗುತ್ತಿದ್ದಳು. ಆದರೆ ಆಗಲೇ ತಿಪ್ಪವ್ವ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು, ಬೆನ್ನು ಕೆರಿ ಶಾಂತಕ್ಕ ಎಂದಿತು.

ಮಾರನೆಯ ವಾರ ಅವಳು ಕೂಸನ್ನೂ ದಸ್ತಗಿರಮ್ಮನನ್ನೂ ಕರೆದುಕೊಂಡು ಮೋಟಾರಿನಲ್ಲಿ ಆದೋನಿಗೆ ಹೋದಳು. ತಾಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಯಂಕಣ್ಣ ಕೂಡುತ್ತಿದ್ದ. ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಜಗಳ ಆಡಬಲ್ಲವನು. ಎಲ್ಲ ಕೇಳಿ ಅವನು ಇದೇನು ದೊಡ್ಡ ಮಾತಲ್ಲ ಎಂದ. ಪುಸ್ತಕದ ತಾಯಿ ಬಂದು ಇದು ನನ್ನ ಹೊಟ್ಟೆಯದಲ್ಲ ಎನ್ನಬೇಕು, ನಿಜವಾದ ತಾಯಿ ಇದು ನನ್ನ ಮಗಳು ಎನ್ನಬೇಕು, ತಹಶೀಲ್ದಾರರು ತಿದ್ದಿ ಮೊಹರು ಹಾಕುತ್ತಾರೆ. ಬೇಕಾದರೆ ಇವತ್ತೇ ಆದೀತು.

ದಸ್ತಗಿರಮ್ಮ ತಲೆ ಅಲ್ಲಾಡಿಸಿದಳು.

"ಐದು ವರ್ಷ ತುಂಬಬೇಕು. ಅದರಪ್ಪ ಬಂದು ತನ್ನ ಕೈಯಾರೆ ಕೊಂಡುಕೊಳ್ಳಬೇಕು. ಅಲ್ಲೀ ತನ ನಾ ಬಾಯಿ ಬಿಡೂದಿಲ್ಲ. ನೀವು ಕಾಗದ ನೋಡ್ತೀರಿ ಯಂಕಣ್ಣ, ನಾ ಎರಡು ಕೂಸು ಹೂತಿದ್ದ ನೋಡೀನಿ."

ಯಂಕಣ್ಣ ಶಾಂತಮ್ಮನ ಕಡೆ ತಿರುಗಿ, ನೀನಾದರೂ ಹೇಳಮ್ಮ, ಈ ಹುಡುಗಿ ಯಾರ ಮಗಳು ಎಂದ. ಶಾಂತಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಹೇಳಿದ ಕೂಡಲೇ ಯಾರೋ ಎಲ್ಲೋ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಾರೆ ಎಂಬ ಭಯ ಐದು ವರ್ಷದಿಂದ ಅವಳ ಗಂಟಲಲ್ಲೇ ಮನೆ ಮಾಡಿತ್ತು. ಮುದುಕಿಗೆ ಮಾತ್ರ ಭಯ, ತನಗಿಲ್ಲ ಎಂದು ಅವಳು ತಿಳಿದಿದ್ದಳು. ಕಡೆಗೆ ಮಂಡಕ್ಕಿ ತಿನ್ನುತ್ತಿದ್ದ ತಿಪ್ಪವ್ವನೇ, ದಸ್ತಗಿರವ್ವನ ಮಗಳು ಎಂದು ಉತ್ತರ ಕೊಟ್ಟಿತು.

ಯಂಕಣ್ಣ ಮೂವರನ್ನೂ ನೋಡಿದ. ನಗಲಿಲ್ಲ. ಉಚ್ಚೀರಪ್ಪನ ಕಾಗದದ ಜೊತೆ ಬಂದಿದ್ದ ಇಂಗ್ಲಿಷು ಅರ್ಜಿಯನ್ನು ಕೇಳಿ ತೆಗೆದುಕೊಂಡು ಹಿಂದೆ ಮುಂದೆ ಓದಿದ. ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಅವನ ಬೆರಳು ನಿಂತಿತು. ನೆಲೆ ಇದ್ದವನು ರಜೆಯ ಮೇಲೆ ಊರಿಗೆ ಹೋಗಿ ವರ್ಷದೊಳಗೆ ತಿರುಗಿ ಬಂದರೆ ಅವನ ನೆಲೆಗೆ ಬಾಧೆ ಇಲ್ಲ ಎಂದು ಅಲ್ಲಿತ್ತು. ನಿನ್ನ ಗಂಡನಿಗೆ ಇಂಗ್ಲಿಷು ಬರುತ್ತದೋ ಎಂದ. ಮಿಷನ್ನಿನ ಭಾಗಗಳ ಹೆಸರು ಬರುತ್ತವೆ ಎಂದಳು ಶಾಂತಮ್ಮ.

ಆ ಮರದ ಕೆಳಗೇ ಕೂತು ಅವಳು ಕಾಗದ ಬರೆದಳು. ಯಂಕಣ್ಣ ಬರೆದುಕೊಡುತ್ತೇನೆಂದರೆ ಬೇಡವೆಂದಳು. ಅವಳ ಅಕ್ಷರ ದೊಡ್ಡವು, ಒಂದು ಸಾಲಿಗೆ ನಾಲ್ಕೇ ಮಾತು ಹಿಡಿಯುತ್ತಿದ್ದವು.

"ನಿಮ್ಮ ಮೂರು ದಾರಿ ಓದಿದೆ. ಒಂದನೇದರಾಗ ಕೂಸಿಲ್ಲ. ಎರಡನೇದರಾಗ ಆರು ತಿಂಗಳ ಮ್ಯಾಲ ನೀವಿಲ್ಲ. ಮೂರನೇದರಾಗ ನಿಮ್ಮ ಐದು ವರ್ಷದ ದುಡಿಮೆ ಇಲ್ಲ. ಮೂರೂ ನಾ ಒಲ್ಲೆ. ನಾಲ್ಕನೇದು ನಾ ಹೇಳ್ತೀನಿ. ರಜಾ ಹಾಕಿ ಬರ್ರಿ. ವರ್ಷದೊಳಗ ತಿರುಗಿ ಹೋದ್ರ ನಿಮ್ಮ ನೆಲೆ ಹೋಗೂದಿಲ್ಲ, ನಿಮ್ಮ ಅರ್ಜಿ ಬೆನ್ನ ಮ್ಯಾಲೇ ಬರೆದೈತಿ. ಎಳ್ಳಮಾಸೆಗೆ ಆಕಿಗೆ ಐದು ತುಂಬತಾವ. ಬಂದು ಕೊಂಡುಕೊಳ್ರಿ. ನಿಮ್ಮ ಇನ್ನೊಬ್ಬ ಹೆಂಡತಿ ಇಲ್ಲಂದ್ರ ಬಿಟ್ಟು ಕೊಡೂದಿಲ್ಲಂತ. ನಾನೂ ಬಾಯಿ ತುಂಬ ಮಗಳೇ ಅನ್ನಬೇಕಾದ್ರ ನೀವು ಮಗ್ಗಲದಾಗ ಇರಬೇಕು."

ಅಷ್ಟು ಬರೆದು ನಿಲ್ಲಿಸಿದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಬೀಸುಕಲ್ಲು ಹಂಗೇ ಇರ್ಲಿ." ಮನೆಗೆ ಬಂದು ಹಳೆಯ ತಲೆದಿಂಬಿನಿಂದ ಒಂದು ಚಿಟಿಕೆ ಊರ ಹತ್ತಿ ಕಿತ್ತು ಒಳಗಿಟ್ಟು ಅಂಟಿಸಿದಳು. ಅವಳು ಅವನಿಗೆ ಹತ್ತಿ ಕಳಿಸಿದ್ದು ಅದೇ ಮೊದಲು.

ಕಾಗದ ಹೋಯಿತು. ಜವಾಬಿಲ್ಲ. ದೀಪಾವಳಿ ಹೋಯಿತು, ಛಟ್ಟಿ ಅಮಾಸೆ ಹೋಯಿತು, ಶೇಂಗಾ ಮುಗಿದು ಜೋಳ ತೆನೆ ಬಿಟ್ಟಿತು. ಟಪಾಲಿನವನು ಶಾಂತಮ್ಮನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಬೇರೆ ಓಣಿ ಹಿಡಿಯುತ್ತಿದ್ದ. ಕೇಳಬಾರದ್ದನ್ನು ಕೇಳಿದೆನೇನೋ ಎಂದು ಅವಳಿಗೆ ಅನ್ನಿಸಿತು. ಜಿನ್ನು ನಡೆಯುವ ಕಾಲದಲ್ಲಿ ಫಿಟ್ಟರನಿಗೆ ಯಾರು ರಜೆ ಕೊಡುತ್ತಾರೆ? ಬಂದರೆ ಕೆಲಸ ಹೋಗಬಹುದು. ಬಾರದಿದ್ದರೆ ಯುಗಾದಿಗೆ ಅವಳು ಒಬ್ಬಳೇ ಹೋಗುವುದೋ, ಇಲ್ಲೇ ಉಳಿಯುವುದೋ ಹೇಳಲೇಬೇಕು. ಒಂದೊಂದು ದಿನ ಒಂದೊಂದು ತೀರ್ಮಾನ ಮಾಡಿ ಮಾರನೆಯ ದಿನ ಅಳಿಸುತ್ತಿದ್ದಳು.

ಎಳ್ಳಮಾಸೆಯ ದಿನ ಎರ್ರಮ್ಮ ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಮಾಡಿದಳು. ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ಚರಗ ಚೆಲ್ಲಲು ಹೋದರು. ಭೂಮ್ತಾಯಿಗೆ ಬಡಿಸಿದ ಮೇಲೆ ಮನುಷ್ಯರ ಊಟ. ಎಡೆ ಹಿಡಿದುಕೊಂಡು ಶಾಂತಮ್ಮ ಹೊಲದ ಸುತ್ತ ಅನ್ನ ಚೆಲ್ಲುತ್ತ ಹತ್ತಿಯ ಕಡೆಯ ಸಾಲಿಗೆ ಬಂದಳು. ಅಲ್ಲಿ ಹತ್ತಿ ಆಗ ತಾನೇ ಒಂದೊಂದು ಬಾಯಿ ಬಿಡುತ್ತಿತ್ತು.

ಬದುವಿನ ಮೇಲೆ ಯಾರೋ ಒಬ್ಬ ದೊರೆಯ ಹಾಗೆ ಕೋಟು ತೊಟ್ಟು, ಟ್ರಂಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಒಡೆದ ಕಾಯಿಯಿಂದ ಅರಳೆ ತೆಗೆದು ಎರಡು ಹೆಬ್ಬೆರಳ ನಡುವೆ ಎಳೆದು ನೋಡುತ್ತಿದ್ದ, ಎಳೆ ಎಷ್ಟು ಉದ್ದವಿದೆ ಎಂದು. ಯಾರ ಹೊಲ, ಏನು ಕಥೆ ಎಂದು ಗದರಿಸಬೇಕೆನ್ನುವಷ್ಟರಲ್ಲಿ ಅವಳಿಗೆ ಆ ಹೆಬ್ಬೆರಳುಗಳ ಗುರುತು ಹತ್ತಿತು.

ಅವನು ತಲೆಯೆತ್ತಿದ. ಕಪ್ಪಗಾಗಿದ್ದ, ಕೆನ್ನೆ ತುಂಬಿತ್ತು, ಮೀಸೆ ಮಾತ್ರ ಹಳೆಯದೇ. ಅವನ ಕಣ್ಣು ಅವಳ ಮುಖದಿಂದ ಅವಳ ಕೈಯ ಎಡೆಗೆ ಇಳಿದು, ಮತ್ತೆ ಮುಖಕ್ಕೆ ಬಂದು, ಅಲ್ಲೇ ಉಳಿಯಿತು. ಶಾಂತಮ್ಮ ಸೆರಗು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಸೆರಗು ಅದು.

"ಈ ಹತ್ತಿ ಎಳೆ ಗಿಡ್ಡ," ಎಂದ ಉಚ್ಚೀರಪ್ಪ.

"ನಿಮ್ಮ ಊರಿನ ಹತ್ತಿಯೇ ಉದ್ದ ಅನ್ರಿ."

"ಉದ್ದ ಐತಿ. ಆದ್ರ ಅದರಾಗ ಯಾರ ತಲೆದಿಂಬಿನ ವಾಸನೀನೂ ಬರೂದಿಲ್ಲ."

ಶಾಂತಮ್ಮನ ಮುಖಕ್ಕೆ ರಕ್ತವೆಲ್ಲ ನುಗ್ಗಿತು. ಬರುತ್ತೇನೆಂದು ಒಂದು ಕಾಗದ ಹಾಕಬಾರದಿತ್ತೇ ಎಂದು ಕೇಳಿದಳು. ಹಾಕಿದ್ದರೆ ಅದೂ ತನ್ನ ಹಡಗಿನಲ್ಲೇ, ತನ್ನ ಜೊತೆಯಲ್ಲೇ ಬರುತ್ತಿತ್ತು ಎಂದ ಅವನು. ಅವಳ ಕಾಗದ ಸಿಕ್ಕ ಮೂರನೆಯ ದಿನವೇ ಹೊರಟಿದ್ದನಂತೆ. ಸಾಹುಕಾರರು ರೇಗಿದರಂತೆ, ಜಾಗ ಬೇರೆಯವರಿಗೆ ಕೊಡುತ್ತೇವೆ ಎಂದರಂತೆ. ಆ ದೇಶದಲ್ಲಿ ಜಿನ್ನು ಒಂದೇ ಅಲ್ಲ ಎಂದು ಇವನೂ ಹೇಳಿ ಬಂದಿದ್ದ.

ಆಮೇಲೆ ಅವನು ಅರಳೆಯನ್ನು ಬೆರಳಲ್ಲಿ ಉಂಡೆ ಮಾಡುತ್ತ, ಅವಳ ಕಡೆ ನೋಡದೆ ಹೇಳಿದ.

"ಮೂರು ದಾರಿ ಬರೆದೆ. ನಾಲ್ಕನೇದು ನನ್ನ ಮನಸಿನಾಗೂ ಇತ್ತು ಶಾಂತಿ. ನೆಲೆ ಹೋಗ್ತೈತೇನೋ ಅಂತ ಅಂಜಿ ಬರಿಲಿಲ್ಲ. ನೀ ಬಾ ಅಂದಿ. ಆ ಕಾಗದ ಓದಿ ಮಿಷನ್ ಹಿಂದ ನಿಂತು ಅತ್ತೆ. ಐದು ವರ್ಷದಾಗ ನನಗ ಬಾ ಅಂದವ್ರು ಯಾರೂ ಇರಲಿಲ್ಲ, ಎಲ್ಲಾರೂ ರೊಕ್ಕ ಕಳಿಸು ಅಂದವ್ರೇ."

ಶಾಂತಮ್ಮ ಎಡೆಯನ್ನು ಬದುವಿನ ಮೇಲಿಟ್ಟಳು. ಅವನ ಎಡ ಹುಬ್ಬಿಗೆ ಅಂಟಿದ್ದ ಒಂದು ಎಳೆ ಹತ್ತಿಯನ್ನು ತೆಗೆದಳು. ತೆಗೆದ ಮೇಲೂ ಕೈ ಅಲ್ಲಿಂದ ಬರಲಿಲ್ಲ. ಆಚೆ ಹೊಲದಿಂದ ಎರ್ರಮ್ಮ, ಆ ಕೋಟಿನವನು ಯಾರೇ ಎಂದು ಕೂಗಿದಳು. ಶಾಂತಮ್ಮನಿಗೆ ಗಂಡನ ಹೆಸರು ಹೇಳಿ ರೂಢಿಯಿಲ್ಲ. ದಸ್ತಗಿರವ್ವನ ಗಂಡ ಬಂದಾನ ಎಂದು ಕೂಗಿ ಹೇಳಿದಳು.

ಮಾರನೆಯ ಬೆಳಿಗ್ಗೆ ದಸ್ತಗಿರಮ್ಮನ ಕಟ್ಟೆಯ ಮುಂದೆ ವ್ಯಾಪಾರ ನಡೆಯಿತು. ಉಚ್ಚೀರಪ್ಪ ಕೋಟು ಬಿಚ್ಚಿಟ್ಟು, ತಲೆಗೆ ರುಮಾಲು ಸುತ್ತಿ, ಒಂದು ಮೊರ ಬಿಳಿ ಜೋಳ ಹಿಡಿದು ನಿಂತ. ಈ ಕೂಸು ಮಾರುವುದೇನು ಎಂದು ಪದ್ಧತಿಯಂತೆ ಕೇಳಿದ. ಮುದುಕಿ ಸುಲಭಕ್ಕೆ ಬಗ್ಗಲಿಲ್ಲ. ಕೂಸು ಚಲೋದು, ಹಲ್ಲು ಗಟ್ಟಿ, ಕುರಿಮರಿ ಎತ್ತುತ್ತದೆ, ಒಂದು ಮೊರಕ್ಕೆ ಆಗದು ಎಂದಳು. ಅವನು ಟ್ರಂಕಿನಿಂದ ಕೆಂಪು ಕಂಬಳಿ ತಂದ. ಅವಳು ಅದನ್ನು ಮುಟ್ಟಿ ನೋಡಿ, ನಮ್ಮ ಕುರಿಯ ಉಣ್ಣೆ ಇದಕ್ಕಿಂತ ಚಲೋ ಎಂದು ಬದಿಗಿಟ್ಟಳು, ಹಿಂದೆ ಕೊಡಲಿಲ್ಲ. ನಿಂತವರೆಲ್ಲ ನಕ್ಕರು.

ನಗುತ್ತಿದ್ದ ದಸ್ತಗಿರಮ್ಮ ಕೂಸಿನ ತಲೆ ಸವರಿದಳು.

"ಉಚ್ಚೀರ, ಐದು ವರ್ಷ ಸಾವಿಗೆ ಸುಳ್ಳು ಹೇಳಿ ಇದನ್ನ ಕಾದೀನಿ. ಆ ಸುಳ್ಳು ಹೇಳ್ತಾ ಹೇಳ್ತಾ ನನಗ ಖರೇ ಆಗಿಬಿಟ್ಟೈತಿ. ಬೇಗ ತಗೊಂಡು ಹೋಗು, ನನ್ನ ಮನಸ್ಸು ತಿರುಗೂದರೊಳಗ."

ಜೋಳದ ಮೊರ ತೆಗೆದುಕೊಂಡು, ತಿಪ್ಪವ್ವನನ್ನು ಅವನ ಕೈಗೆ ಕೊಟ್ಟಳು. ಅವನು ಎರಡು ಹೆಜ್ಜೆ ನಡೆದು ಶಾಂತಮ್ಮನ ಉಡಿಯಲ್ಲಿ ಇಟ್ಟ. ಉಡಿ ತುಂಬುವಾಗ ಎಲ್ಲರ ಕಣ್ಣೂ ತುಂಬಿದವು, ತಿಪ್ಪವ್ವನದು ಬಿಟ್ಟು. ಅದಕ್ಕೆ ಸಿಟ್ಟು ಬಂದಿತ್ತು. ಉಡಿಯಿಂದ ಜಾರಿ ಇಳಿದು ಓಡಿಹೋಗಿ ಕುರಿದೊಡ್ಡಿಯಲ್ಲಿ ಕೂತಿತು. ಹೊಸ ಅಪ್ಪನನ್ನು ಅದು ಎರಡೇ ದಿನದಲ್ಲಿ ಒಪ್ಪಿಕೊಂಡಿತು, ಅವನ ಹತ್ತಿರ ತಿರುವಿದರೆ ಓಡುವ ತಗಡಿನ ಆನೆ ಇತ್ತು. ಶಾಂತಮ್ಮ ಮಾತ್ರ ಶಾಂತಕ್ಕನಾಗಿಯೇ ಉಳಿದಳು. ಅವ್ವ ಅನ್ನು ಎಂದು ಎಲ್ಲರೂ ಹೇಳಿಕೊಟ್ಟರು. ಅದು ತುಟಿ ಬಿಗಿಯಿತು.

ಆ ವಾರವೇ ಎಲ್ಲರೂ ಆದೋನಿಗೆ ಹೋದರು. ಯಂಕಣ್ಣ ಅರ್ಜಿ ಸಿದ್ಧಮಾಡಿಟ್ಟಿದ್ದ. ಕಚೇರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ ಕೂಸಿನ ತಾಯಿ ಯಾರೆಂದು ತೆಲುಗಿನಲ್ಲಿ ಕೇಳಿದ, "ಪಿಲ್ಲಕು ತಲ್ಲಿ ಎವರು?" ದಸ್ತಗಿರಮ್ಮ ಮುಂದೆ ಬಂದು ತಾನಲ್ಲ ಎಂದಳು, ಮಾರಿದ್ದಾಗಿದೆ, ಬೆಲೆ ಮುಟ್ಟಿದೆ. ಹಾಗಾದರೆ ಈ ಉಚ್ಚೀರಪ್ಪನಿಗೆ ನೀನು ಏನಾಗಬೇಕು ಎಂದು ಕೇಳಿದಾಗ, ಮೊನ್ನೆ ತನಕ ಹೆಂಡತಿಯಾಗಿದ್ದೆ, ಈಗ ಬಿಟ್ಟಿದ್ದಾನೆ ಎಂದು ಉತ್ತರಿಸಿದಳು. ಗುಮಾಸ್ತನ ಲೇಖನಿ ಎರಡು ಸಲ ಮಸಿಬುಟ್ಟಿಗೆ ಹೋಗಿ ಬಂತು.

ಆಮೇಲೆ ಎಲ್ಲರೂ ಶಾಂತಮ್ಮನ ಕಡೆ ನೋಡಿದರು. ಅದೇ ಹಳೆಯ ಭಯ ತಿರುಗಿ ಬಂತು. ಮಗ್ಗಲಲ್ಲಿ ಉಚ್ಚೀರಪ್ಪ ನಿಂತಿದ್ದ. ಮೇಜಿನ ಕೆಳಗೆ ಅವನ ಕಿರುಬೆರಳು ಅವಳ ಕಿರುಬೆರಳಿಗೆ ಸಿಕ್ಕಿಕೊಂಡಿತು.

"ನನ್ನ ಮಗಳು," ಎಂದಳು ಶಾಂತಮ್ಮ. ದನಿ ಸಣ್ಣದಾಗಿತ್ತು. ಗುಮಾಸ್ತ ಏಮಿ ಎಂದ. ಅವಳು ಈ ಸಲ ಇಡೀ ಕಚೇರಿಗೆ ಕೇಳುವಂತೆ ಹೇಳಿದಳು. "ಈಕಿ ನನ್ನ ಮಗಳು. ನಾನೇ ಹೆತ್ತೀನಿ."

ಏನೂ ಆಗಲಿಲ್ಲ. ಗೋಡೆಯ ಗಡಿಯಾರ ಓಡುತ್ತಲೇ ಇತ್ತು. ತಿಪ್ಪವ್ವ ಬೆಂಚಿನ ಕೆಳಗೆ ಆನೆಗೆ ಕೀಲಿ ಕೊಡುತ್ತಿತ್ತು. ಗುಮಾಸ್ತ ಒಂದು ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದು ಬರೆದ, ತಹಶೀಲ್ದಾರರ ಮೊಹರು ಬಿತ್ತು. ಹೊರಗೆ ಬಂದ ಮೇಲೆ ಶಾಂತಮ್ಮ ಬೇವಿನ ಮರಕ್ಕೆ ಒರಗಿ ನಿಂತು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು. ಇನ್ನು ನನಗೆ ಒಬ್ಬಳೇ ಹೆಂಡತಿಯೇ ಎಂದು ಉಚ್ಚೀರಪ್ಪ ಸಪ್ಪೆ ಮುಖ ಮಾಡಿದ. ಬೇಕಾದರೆ ತಿರುಗಿ ಬರೆಸೋಣ ಎಂದ ಯಂಕಣ್ಣ.

ತಿದ್ದಿದ ನಕಲು ಸಮುದ್ರ ದಾಟಿ ಹೋಗಿ, ಒಪ್ಪಿಗೆ ತಿರುಗಿ ಬಂದು, ಬಳ್ಳಾರಿಯ ಕಚೇರಿಯಿಂದ ಕಾಗದಗಳು ಕೈಸೇರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಹತ್ತಿ ಬಿಡಿಸಿದರು, ಜೋಳ ಕೊಯ್ದರು. ಗಂಡ ಹೆಂಡತಿ ಹೊಲಕ್ಕೆ ಹೋದರೆ ಬುಟ್ಟಿ ತುಂಬುವುದು ತಡವಾಗುತ್ತಿತ್ತು, ಯಾಕೆಂದು ಎರ್ರಮ್ಮ ಕೇಳಲಿಲ್ಲ. ಯುಗಾದಿಗೆ ಹನ್ನೆರಡು ದಿನ ಇರುವಾಗ ಮೂವರೂ ಆದೋನಿ ಸ್ಟೇಷನ್ನಿನಲ್ಲಿ ಮುಂಬೈಯ ರೈಲು ಕಾದರು. ಹಕ್ಕಿನ ದಾರಿಯ ಚೀಟಿ ಉಚ್ಚೀರಪ್ಪನ ಒಳಜೇಬಿನಲ್ಲಿತ್ತು. ಅದರಲ್ಲಿ ಹೆಂಡತಿ ಒಬ್ಬಳು, ಅವಳ ಹೊಟ್ಟೆಯ ಮಗಳು ಒಬ್ಬಳು.

ದಸ್ತಗಿರಮ್ಮ ಕೆಂಪು ಕಂಬಳಿ ಹೊದ್ದು ಬಂದಿದ್ದಳು. ತಿಪ್ಪವ್ವನ ಕಿವಿಯಲ್ಲಿ ಏನೇನೋ ಹೇಳಿದಳು. ನಾ ಇನ್ನ ನಿನ್ನ ಅವ್ವ ಅಲ್ಲ, ಅಜ್ಜಿ, ನಿನ್ನ ಆಯಿ, ತಿಳೀತಾ ಎಂದದ್ದು ಮಾತ್ರ ಶಾಂತಮ್ಮನಿಗೆ ಕೇಳಿಸಿತು. ರೈಲು ಹೊರಟಾಗ ಮುದುಕಿ ಕೈ ಬೀಸಲಿಲ್ಲ, ಕುರಿಗಳನ್ನು ಬಯ್ಯುವ ದನಿಯಲ್ಲಿ ಇಂಜಿನ್ನನ್ನು ಬಯ್ದಳು. ಎರ್ರಮ್ಮ ಅವಳ ಹೆಗಲು ಹಿಡಿದುಕೊಂಡಿದ್ದಳು. ತಿಪ್ಪವ್ವ ಕಿಟಕಿಗೆ ಮೂಗೊತ್ತಿ ಕೂತು, ಕೋಸಗಿ ಸ್ಟೇಷನ್ನು ದಾಟುವ ತನಕ ಯಾರನ್ನೂ ಮಾತಾಡಿಸಲಿಲ್ಲ.

ಎದುರು ಬೆಂಚಿನಲ್ಲಿ ರಾಯಚೂರಿಗೆ ಹೊರಟ ಒಬ್ಬ ಹಿರಿಯ ಹೆಂಗಸು ಎಲೆ ಅಡಿಕೆ ಹಾಕುತ್ತಿದ್ದಳು. ಕೂಸಿನ ಸಪ್ಪೆ ಮೋರೆ ನೋಡಿ ಒಂದು ತುಂಡು ಬೆಲ್ಲ ಕೊಟ್ಟಳು.

"ಯಾರ ಮಗಳವ್ವ ನೀನು?"

ಶಾಂತಮ್ಮ ಉತ್ತರ ಕೊಡಲು ಹೋದಳು. ಉಚ್ಚೀರಪ್ಪ ಕಣ್ಣಿನಲ್ಲೇ ತಡೆದ.

ತಿಪ್ಪವ್ವ ಬೆಲ್ಲವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿತು. "ನನ್ನ ಕೊಂಡಾರ," ಎಂದಿತು.

"ಅಯ್ಯ ಶಿವನೆ. ಯಾರು ಕೊಂಡಾರ?"

"ಅಪ್ಪ. ಒಂದು ಮೊರ ಜೋಳ ಕೊಟ್ಟು."

"ಯಾಕ ಕೊಂಡಾನ ನಿಮ್ಮಪ್ಪ?"

ತಿಪ್ಪವ್ವ ಯೋಚನೆ ಮಾಡಿತು. ಕಿಟಕಿಯಿಂದ ತಿರುಗಿ, ಬೆಲ್ಲದ ಕೈಯನ್ನು ಶಾಂತಮ್ಮನ ಮೊಣಕಾಲ ಮೇಲೆ ಇಟ್ಟಿತು.

"ಅವ್ವಗ ಬೇಕಾಗಿತ್ತು."

ಶಾಂತಮ್ಮ ಅಲ್ಲಾಡಲಿಲ್ಲ. ಅಲ್ಲಾಡಿದರೆ ಆ ಕೈ ಎದ್ದು ಹೋದೀತೆಂದು ಉಸಿರನ್ನೂ ಮೆಲ್ಲಗೆ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಉಚ್ಚೀರಪ್ಪ ಅವಳ ಕಿವಿಯ ಹತ್ತಿರ ಬಗ್ಗಿ, ಕೇಳಿದೇನು ಎಂದ. ಅವಳು ಕೇಳಿದೆ ಎಂದಳು. ಇನ್ನೊಮ್ಮೆ ಹೇಳಿಸಲೇನು ಎಂದು ಕೇಳಿದ.

"ಬ್ಯಾಡ್ರಿ," ಎಂದಳು ಶಾಂತಮ್ಮ. "ದಾರಿ ಇನ್ನೂ ದೂರ ಐತಿ. ತಾನಾಗೇ ಅನ್ಲಿ."